ಸ್ಟಾರ್ಟ್ ಆಗದ ಕಾರಿನ ವಿದ್ಯುತ್ ದೋಷಪತ್ತೆ

ಕಾರಿನ ಎಂಜಿನ್ ಚಾಲೂ ಆಗದಿದ್ದಾಗ ದೋಷವು ಬ್ಯಾಟರಿಯಲ್ಲಿದೆಯೋ, ಸ್ಟಾರ್ಟರ್ ಮೋಟಾರಿನಲ್ಲಿದೆಯೋ, ಇಗ್ನಿಷನ್ ಅಥವಾ ಚಾರ್ಜಿಂಗ್ ವ್ಯವಸ್ಥೆಯಲ್ಲಿದೆಯೋ, ಇವನ್ನು ಬೆಸೆಯುವ ವೈರಿಂಗಿನಲ್ಲಿದೆಯೋ ಎಂಬುದನ್ನು ಲಕ್ಷಣ ಮತ್ತು ಅಳತೆಗಳ ಆಧಾರದ ಮೇಲೆ ಕ್ರಮವಾಗಿ ಗುರುತಿಸುವ ವಿಧಾನವೇ ಸ್ಟಾರ್ಟ್ ಆಗದ ಕಾರಿನ ವಿದ್ಯುತ್ ದೋಷಪತ್ತೆ. ಭಾಗಗಳನ್ನು ಒಂದೊಂದಾಗಿ ಬದಲಿಸಿ ನೋಡುವ ರೂಢಿಗೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಇಲ್ಲಿ ಭಾಗವನ್ನು ಬಿಚ್ಚುವ ಮೊದಲೇ ದೋಷದ ಜಾಗ ನಿಶ್ಚಯವಾಗಬೇಕು.

ಈ ಲೇಖನದಲ್ಲಿ ಎಂಜಿನ್ ತಿರುಗಿಸುವ ವಿದ್ಯುತ್ ಮೋಟಾರನ್ನು, ಗ್ಯಾರೇಜುಗಳಲ್ಲಿ ಸೆಲ್ಫ್ ಮೋಟಾರ್ ಎನ್ನುವುದನ್ನು, ‘ಸ್ಟಾರ್ಟರ್’ ಎಂದು ಕರೆದಿದೆ. ಸ್ಟಾರ್ಟರಿನ ಬಲದಿಂದ ಎಂಜಿನ್ ತಿರುಗುವುದು ‘ಕ್ರ್ಯಾಂಕ್ ಆಗುವುದು’. ಇಂಧನ ಉರಿದು ಎಂಜಿನ್ ತಾನಾಗಿ ಓಡತೊಡಗುವುದು ‘ಸ್ಟಾರ್ಟ್ ಆಗುವುದು’. ಬ್ಯಾಟರಿಯ ಋಣ ತುದಿಗೆ ಜೋಡಿಸಿದ ಎಂಜಿನ್ ಮತ್ತು ಬಾಡಿಯ ಲೋಹಭಾಗ ‘ಅರ್ತ್’. ಪ್ರವಾಹ ಹರಿಯುತ್ತಿರುವಾಗ ಒಂದು ಕೇಬಲ್ ಅಥವಾ ಜೋಡಣೆಯಲ್ಲಿ ನಷ್ಟವಾಗುವ ವೋಲ್ಟೇಜ್ ‘ವೋಲ್ಟೇಜ್ ಇಳಿತ’.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೆಟ್ರೋಲ್ ಕಾರುಗಳನ್ನು ಮುಂಭಾಗದಲ್ಲಿ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈ ಮುರಿಯುತ್ತಿತ್ತು. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಅಪಾಯ ತಗ್ಗಿತು. ಅದಕ್ಕೆ ಬೇಕಾದ ಶಕ್ತಿ ಒದಗಿಸಿದ್ದು ಸೀಸ–ಆಮ್ಲ ಬ್ಯಾಟರಿ. ಇದನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದಿದ್ದರು. ಸ್ಟಾರ್ಟರಿನ ಪಿನಿಯನ್ನನ್ನು ಎಂಜಿನಿನ ಹಲ್ಲುಗಾಲಿಗೆ ತಾನಾಗಿ ಕಚ್ಚಿಸಿ ಬಿಡಿಸುವ ಸಾಧನವನ್ನು ವಿನ್ಸೆಂಟ್ ಬೆಂಡಿಕ್ಸ್ ರೂಪಿಸಿದರು. ಇಂದಿನ ಪಿನಿಯನ್ ಜೋಡಣೆ ಬೇರೆ ಬಗೆಯದಾದರೂ ನಮ್ಮ ಮೆಕ್ಯಾನಿಕ್‌ಗಳು ಅದನ್ನು ಈಗಲೂ ಬೆಂಡಿಕ್ಸ್ ಎಂದೇ ಕರೆಯುತ್ತಾರೆ. 1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಕಾರುಗಳು 6 ವೋಲ್ಟ್ ಬಿಟ್ಟು 12 ವೋಲ್ಟ್‌ಗೆ ಬಂದವು. 1960ರ ದಶಕದಲ್ಲಿ ಡೈನಮೋದ ಜಾಗಕ್ಕೆ ಆಲ್ಟರ್ನೇಟರ್ ಬಂತು.

ಭಾರತದಲ್ಲಿ ಅಂಬಾಸಿಡರ್ ಕಾಲದ ಕಾರುಗಳಿಗೆ ಹ್ಯಾಂಡಲ್ ಸೌಲಭ್ಯವಿತ್ತು. ಬ್ಯಾಟರಿ ಕೈಕೊಟ್ಟರೂ ಗಾಡಿ ಹೊರಡುತ್ತಿತ್ತು. ವಾಹನಗಳ ವಿದ್ಯುತ್ ಉಪಕರಣಗಳ ದೇಶೀಯ ತಯಾರಿಕೆಯಲ್ಲಿ 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ (ಈಗಿನ ಬಾಷ್) ಮತ್ತು 1961ರಲ್ಲಿ ಚೆನ್ನೈಯಲ್ಲಿ ಆರಂಭವಾದ ಲೂಕಾಸ್–ಟಿವಿಎಸ್ ಮುಖ್ಯವಾದವು.

ವ್ಯವಸ್ಥೆಯ ರಚನೆ

ಸ್ಟಾರ್ಟಿಂಗ್ ವ್ಯವಸ್ಥೆಯಲ್ಲಿ ಎರಡು ಸರ್ಕಿಟ್‌ಗಳಿವೆ. ಮೊದಲನೆಯದು ಶಕ್ತಿ ಸರ್ಕಿಟ್. ಬ್ಯಾಟರಿಯ ಧನ ತುದಿಯಿಂದ ದಪ್ಪ ಕೇಬಲ್ ಸ್ಟಾರ್ಟರಿನ ಸಾಲೆನಾಯ್ಡ್‌ಗೆ ಹೋಗುತ್ತದೆ. ಸಾಲೆನಾಯ್ಡಿನ ತಾಮ್ರದ ಸಂಪರ್ಕಗಳ ಮೂಲಕ ಪ್ರವಾಹ ಮೋಟಾರನ್ನು ಹೊಕ್ಕು, ಅದರ ಮೈಯಿಂದ ಎಂಜಿನಿಗೆ, ಎಂಜಿನಿನಿಂದ ಅರ್ತ್ ಪಟ್ಟಿಯ ಮೂಲಕ ಬ್ಯಾಟರಿಯ ಋಣ ತುದಿಗೆ ಮರಳುತ್ತದೆ. ಸಣ್ಣ ಪೆಟ್ರೋಲ್ ಕಾರಿನಲ್ಲಿ ಈ ದಾರಿಯಲ್ಲಿ ಹರಿಯುವ ಪ್ರವಾಹ ಸಾಮಾನ್ಯವಾಗಿ 100ರಿಂದ 200 ಆಂಪಿಯರ್. ಡೀಸೆಲ್ ಕಾರಿನಲ್ಲಿ ಇದಕ್ಕಿಂತ ಬಹಳ ಹೆಚ್ಚು. ಕಾರಿನ ಬೇರಾವ ಸಾಮಾನ್ಯ ಉಪಕರಣವೂ ಇಷ್ಟು ಪ್ರವಾಹ ಎಳೆಯುವುದಿಲ್ಲ. ಹೆಡ್‌ಲೈಟ್ ಉರಿಯಲು, ಹಾರ್ನ್ ಕೂಗಲು ಸಾಕಾಗುವ ಜೋಡಣೆಯೇ ಸ್ಟಾರ್ಟರಿಗೆ ಸಾಲದೆ ಹೋಗುವುದು ಈ ಕಾರಣಕ್ಕೆ.

ಎರಡನೆಯದು ನಿಯಂತ್ರಣ ಸರ್ಕಿಟ್. ಇಗ್ನಿಷನ್ ಸ್ವಿಚ್ಚಿನಿಂದ ಹೊರಟ ತೆಳುವಾದ ವೈರು ಕ್ಲಚ್ ಸ್ವಿಚ್ ಇಲ್ಲವೇ ಆಟೋಮ್ಯಾಟಿಕ್ ಗೇರಿನ ಪಾರ್ಕ್–ನ್ಯೂಟ್ರಲ್ ಸ್ವಿಚ್, ಫ್ಯೂಸ್ ಮತ್ತು ಸ್ಟಾರ್ಟರ್ ರಿಲೇ ದಾಟಿ ಸಾಲೆನಾಯ್ಡ್ ಸುರುಳಿಯನ್ನು ಮುಟ್ಟುತ್ತದೆ. ಸಾಲೆನಾಯ್ಡಿಗೆ ಎರಡು ಕೆಲಸ: ಪಿನಿಯನ್ನನ್ನು ಮುಂದೆ ತಳ್ಳಿ ಎಂಜಿನಿನ ಹಲ್ಲುಗಾಲಿಗೆ ಕಚ್ಚಿಸುವುದು, ಬಳಿಕ ಶಕ್ತಿ ಸರ್ಕಿಟ್ಟಿನ ಸಂಪರ್ಕಗಳನ್ನು ಕೂಡಿಸುವುದು. ಜರ್ಮನಿಯ ಡಿಐಎನ್ 72552 ಮಾನದಂಡ ಅನುಸರಿಸುವ ಕಾರುಗಳಲ್ಲಿ ಬ್ಯಾಟರಿಯಿಂದ ನೇರ ಬರುವ ತುದಿಗೆ 30, ಇಗ್ನಿಷನ್ ಆನ್ ಆದಾಗ ಜೀವ ಬರುವ ತುದಿಗೆ 15, ಸ್ಟಾರ್ಟ್ ಆಜ್ಞೆಯ ತುದಿಗೆ 50, ಅರ್ತ್‌ಗೆ 31 ಎಂಬ ಸಂಖ್ಯೆಗಳಿರುತ್ತವೆ. ಮುಂದೆ ಈ ಸಂಖ್ಯೆಗಳನ್ನೇ ಬಳಸಿದೆ.

ಲಕ್ಷಣಗಳು

ಕೀ ತಿರುಗಿಸಿದಾಗ ಕೇಳುವ ಸದ್ದೇ ದೋಷದ ಕ್ಷೇತ್ರವನ್ನು ಅರ್ಧಕ್ಕಿಂತ ಹೆಚ್ಚು ಕಿರಿದು ಮಾಡುತ್ತದೆ. ಡ್ಯಾಶ್‌ಬೋರ್ಡ್ ದೀಪಗಳೂ ಹತ್ತದೆ ಕಾರು ಪೂರ್ತಿ ಸತ್ತಂತಿದ್ದರೆ ಬ್ಯಾಟರಿ ಬರಿದಾಗಿದೆ, ಟರ್ಮಿನಲ್ ಕ್ಲ್ಯಾಂಪ್ ಬಿಟ್ಟಿದೆ ಅಥವಾ ಮುಖ್ಯ ಫ್ಯೂಸ್ ಹೋಗಿದೆ. ದೀಪಗಳು ಪ್ರಖರವಾಗಿ ಹತ್ತಿ, ಕೀ ತಿರುಗಿಸಿದಾಗ ಮಂಕಾಗದೆ, ಯಾವ ಸದ್ದೂ ಬಾರದಿದ್ದರೆ ಸ್ಟಾರ್ಟರಿಗೆ ಪ್ರವಾಹವೇ ಹೋಗುತ್ತಿಲ್ಲ. ನಿಯಂತ್ರಣ ಸರ್ಕಿಟ್ಟನ್ನು ನೋಡಬೇಕು.

ಟಕಟಕ ಎಂಬ ಬಿರುಸಾದ ಸದ್ದು ಸಾಮಾನ್ಯವಾಗಿ ಬ್ಯಾಟರಿ ಇಳಿದಿರುವುದರ ಅಥವಾ ಟರ್ಮಿನಲ್ ಸಡಿಲವಾಗಿರುವುದರ ಗುರುತು. ಸಾಲೆನಾಯ್ಡ್ ತನ್ನ ಸಂಪರ್ಕಗಳನ್ನು ಕೂಡಿಸುತ್ತದೆ. ಮೋಟಾರಿನ ಭಾರ ಬಿದ್ದೊಡನೆ ವೋಲ್ಟೇಜ್ ಕುಸಿದು ಸಾಲೆನಾಯ್ಡ್ ಹಿಡಿತ ಬಿಡುತ್ತದೆ. ಭಾರ ತಪ್ಪಿದೊಡನೆ ವೋಲ್ಟೇಜ್ ಮೇಲೇರಿ ಮತ್ತೆ ಕೂಡಿಸುತ್ತದೆ. ಸೆಕೆಂಡಿಗೆ ಹಲವು ಸಲ ಈ ಚಕ್ರ ನಡೆಯುತ್ತದೆ. ‘ಟಕ್’ ಎಂದು ಒಂದೇ ಸಲ ಗಟ್ಟಿಯಾಗಿ ಬಡಿದು ಸುಮ್ಮನಾದರೆ ಸಾಲೆನಾಯ್ಡಿನ ಸಂಪರ್ಕಗಳು ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಷ್‌ಗಳು ಸವೆದಿರಬಹುದು ಅಥವಾ ಎಂಜಿನ್ನೇ ಜಾಮ್ ಆಗಿರಬಹುದು. ಬ್ರಷ್ ಸವೆದ ಸ್ಟಾರ್ಟರ್ ಮೈಮೇಲೆ ಮೆಲ್ಲಗೆ ತಟ್ಟಿದರೆ ಒಮ್ಮೊಮ್ಮೆ ತಿರುಗುತ್ತದೆ. ಅದು ದುರಸ್ತಿಯಲ್ಲ, ದೋಷದ ಸಾಕ್ಷ್ಯ ಮಾತ್ರ.

ಎಂಜಿನ್ ನಿಧಾನವಾಗಿ, ಎಳೆದೆಳೆದು ತಿರುಗಿದರೆ ಬ್ಯಾಟರಿ ದುರ್ಬಲವಾಗಿದೆ, ಕೇಬಲ್ಲಿನಲ್ಲಿ ನಿರೋಧ ಹೆಚ್ಚಿದೆ ಅಥವಾ ಸ್ಟಾರ್ಟರ್ ಒಳಗೆ ಉಜ್ಜುತ್ತಿದೆ. ಸ್ಟಾರ್ಟರ್ ಮಾತ್ರ ಕಿರ್ರೆಂದು ಬರಿದೆ ತಿರುಗಿ ಎಂಜಿನ್ ಅಲುಗದಿದ್ದರೆ ಪಿನಿಯನ್ನಿನ ಒಮ್ಮುಖ ಕ್ಲಚ್ ಜಾರುತ್ತಿದೆ. ಚೆನ್ನಾಗಿ ಕ್ರ್ಯಾಂಕ್ ಆಗಿಯೂ ಸ್ಟಾರ್ಟ್ ಆಗದಿರುವುದು ಬೇರೆಯೇ ವರ್ಗ. ಅದರ ವಿವರ ಮುಂದಿದೆ.

ಬ್ಯಾಟರಿಯ ಪರೀಕ್ಷೆ

ಹನ್ನೆರಡು ವೋಲ್ಟಿನ ಸೀಸ–ಆಮ್ಲ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ ಆರು ಕೋಶಗಳಿವೆ. ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿಯ ತುದಿಗಳಲ್ಲಿ 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಅದು ಪೂರ್ತಿ ತುಂಬಿದೆ, 12.2 ಇದ್ದರೆ ಸರಿಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಒಂದು ಕೋಶ ಸತ್ತಿರುವ ಸಂಭವ ಹೆಚ್ಚು. ಆಗಷ್ಟೇ ಓಡಿ ನಿಂತ ಕಾರಿನಲ್ಲಿ ಫಲಕಗಳ ಮೇಲ್ಮೈಯಲ್ಲಿ ಉಳಿದ ಚಾರ್ಜ್ ಸುಳ್ಳು ಅಳತೆ ತೋರಿಸುತ್ತದೆ. ಹೆಡ್‌ಲೈಟನ್ನು ಒಂದೆರಡು ನಿಮಿಷ ಹೊತ್ತಿಸಿ ಆರಿಸಿದ ಬಳಿಕ ಅಳೆಯಬೇಕು.

ವಿಶ್ರಾಂತಿಯ ವೋಲ್ಟೇಜ್ ಬ್ಯಾಟರಿ ಎಷ್ಟು ತುಂಬಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅದಕ್ಕೆ ಎಷ್ಟು ಕಸುವಿದೆ ಎಂಬುದನ್ನಲ್ಲ. 12.6 ತೋರಿಸುವ ಮುದಿ ಬ್ಯಾಟರಿ ಸೆಲ್ಫ್ ಹೊಡೆದ ಕ್ಷಣದಲ್ಲಿ 7 ವೋಲ್ಟಿಗೆ ಕುಸಿಯಬಲ್ಲದು. ಆದ್ದರಿಂದ ಎರಡನೆಯ ಅಳತೆಯನ್ನು ಕ್ರ್ಯಾಂಕ್ ಮಾಡುತ್ತಲೇ ತೆಗೆದುಕೊಳ್ಳಬೇಕು. ಸಾಧಾರಣ ಉಷ್ಣತೆಯಲ್ಲಿ 9.6 ವೋಲ್ಟಿಗಿಂತ ಕೆಳಗಿಳಿಯಬಾರದು ಎಂಬುದು ರೂಢಿಯ ಮಿತಿ.

ಇಡೀ ದೋಷಪತ್ತೆಯಲ್ಲಿ ಅತಿ ಹೆಚ್ಚು ಮಾಹಿತಿ ಕೊಡುವುದು ಈ ಒಂದೇ ಅಳತೆ. ವೋಲ್ಟೇಜ್ ತೀರಾ ಕುಸಿದು ಎಂಜಿನ್ ಎಳೆದಾಡಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸ್ಟಾರ್ಟರ್ ಅತಿಯಾಗಿ ಪ್ರವಾಹ ಎಳೆಯುತ್ತಿದೆ. ಕೇಬಲ್ಲಿನ ಸುತ್ತ ಕ್ಲ್ಯಾಂಪ್ ಮೀಟರ್ ಹಾಕಿದರೆ ಇವೆರಡರಲ್ಲಿ ಯಾವುದೆಂದು ತಿಳಿಯುತ್ತದೆ. ವೋಲ್ಟೇಜ್ 11.5ರ ಮೇಲೆಯೇ ಉಳಿದೂ ಎಂಜಿನ್ ನಿಧಾನವಾಗಿ ತಿರುಗಿದರೆ ಬ್ಯಾಟರಿ ನಿರ್ದೋಷಿ, ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ. ವೋಲ್ಟೇಜ್ ಅಲುಗಾಡದೆ ನಿಂತು ಎಂಜಿನ್ನೂ ಅಲುಗದಿದ್ದರೆ ಪ್ರವಾಹವೇ ಹರಿದಿಲ್ಲ. ಈ ಮೂರನ್ನು ಬೇರ್ಪಡಿಸದೆ ಹೊಸ ಬ್ಯಾಟರಿ ಹಾಕಿಸುವುದು ಈ ಕ್ಷೇತ್ರದ ಅತ್ಯಂತ ಸಾಮಾನ್ಯ ದಂಡದ ಖರ್ಚು.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಗಳಲ್ಲಿ ಹೈಡ್ರೋಮೀಟರಿನಿಂದ ಆಮ್ಲದ ಸಾಪೇಕ್ಷ ಸಾಂದ್ರತೆಯನ್ನೂ ನೋಡಬಹುದು. ಆರು ಕೋಶಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ 0.05ರಷ್ಟು ಕಡಿಮೆ ತೋರಿದರೆ ಆ ಕೋಶ ಕೆಟ್ಟಿದೆ ಎಂದರ್ಥ.

ವೋಲ್ಟೇಜ್ ಇಳಿತದ ಪರೀಕ್ಷೆ

ಕೇಬಲ್ ಸರಿಯಿದೆಯೇ ಎಂದು ತಿಳಿಯಲು ಮಲ್ಟಿಮೀಟರಿನ ಓಮ್ ಮಾಪನವನ್ನು ನಂಬುವಂತಿಲ್ಲ. ಮೀಟರ್ ಆಗ ಹರಿಸುವುದು ಒಂದು ಮಿಲಿಆಂಪಿಯರ್ ಮಟ್ಟದ ಪ್ರವಾಹ. ಹತ್ತಾರು ಎಳೆಗಳ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅಷ್ಟು ಪ್ರವಾಹ ಸಲೀಸಾಗಿ ಹರಿದು, ಮೀಟರು ಕೇಬಲ್ ಸುಸ್ಥಿತಿಯಲ್ಲಿದೆ ಎಂದೇ ತೋರಿಸುತ್ತದೆ. ಸ್ಟಾರ್ಟರಿಗೆ ಬೇಕಾದ 150 ಆಂಪಿಯರ್ ಆ ಎಳೆಯಲ್ಲಿ ಹೋಗದು. ಲೆಕ್ಕದಲ್ಲಿ ಹೇಳುವುದಾದರೆ, ಜೋಡಣೆಯೊಂದರಲ್ಲಿ 0.01 ಓಮ್ ನಿರೋಧವಿದ್ದರೆ ಸಾಮಾನ್ಯ ಮೀಟರಿಗೆ ಅದು ಕಾಣುವುದಿಲ್ಲ. ಆದರೆ 150 ಆಂಪಿಯರ್ ಹರಿದಾಗ ಅದೇ ಜಾಗದಲ್ಲಿ 1.5 ವೋಲ್ಟ್ ಸೋರಿಹೋಗುತ್ತದೆ, 225 ವಾಟ್ ಶಾಖವಾಗುತ್ತದೆ. ಕ್ರ್ಯಾಂಕ್ ಮಾಡಿದ ತಕ್ಷಣ ಕೆಟ್ಟ ಟರ್ಮಿನಲ್ ಮುಟ್ಟಿದರೆ ಬಿಸಿಯಾಗಿರುವುದು ಈ ಕಾರಣದಿಂದ.

ಆದ್ದರಿಂದ ದೋಷವನ್ನು ಪ್ರವಾಹ ಹರಿಯುತ್ತಿರುವಾಗಲೇ ಹಿಡಿಯಬೇಕು. ಪರೀಕ್ಷೆಯ ವೇಳೆ ಎಂಜಿನ್ ಸ್ಟಾರ್ಟ್ ಆಗದಂತೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಡುತ್ತಾರೆ. ಮೀಟರನ್ನು ಡಿ.ಸಿ. ವೋಲ್ಟೇಜಿಗೆ ಇಟ್ಟು, ಕೆಂಪು ಮೊನೆಯನ್ನು ಬ್ಯಾಟರಿಯ ಧನ ಕಂಬದ ಸೀಸದ ಮೇಲೇ ಒತ್ತಿ ಹಿಡಿಯಬೇಕು. ಕಂಬವನ್ನು ಹಿಡಿದಿರುವ ಕ್ಲ್ಯಾಂಪಿನ ಮೇಲಲ್ಲ. ಕಪ್ಪು ಮೊನೆಯನ್ನು ಸ್ಟಾರ್ಟರಿನ 30ನೇ ತುದಿಯ ಬೋಲ್ಟಿಗೆ ತಾಗಿಸಬೇಕು. ಸಹಾಯಕರು ಕೀ ತಿರುಗಿಸುವ ಮೊದಲು ಮೀಟರು ಸೊನ್ನೆ ತೋರಿಸುತ್ತದೆ. ತಿರುಗಿಸಿದಾಗ ಬರುವ ಅಂಕಿಯೇ ಧನ ಬದಿಯ ವೋಲ್ಟೇಜ್ ಇಳಿತ. 0.2ರಿಂದ 0.3 ವೋಲ್ಟ್ ಇದ್ದರೆ ತೊಂದರೆಯಿಲ್ಲ, 0.5 ದಾಟಿದರೆ ದೋಷ ಆ ದಾರಿಯಲ್ಲೇ ಇದೆ. ಆಮೇಲೆ ಮೊನೆಗಳನ್ನು ಹತ್ತಿರ ತರುತ್ತಾ ಹೋಗಬೇಕು: ಕಂಬದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಕೇಬಲ್ಲಿನ ತಾಮ್ರಕ್ಕೆ, ಕೇಬಲ್ಲಿನ ಕೊನೆಯಿಂದ ಬೋಲ್ಟಿಗೆ. ಅಂಕಿ ಎಲ್ಲಿ ಒಮ್ಮೆಗೇ ಜಿಗಿಯುತ್ತದೋ ಅಲ್ಲಿ ದೋಷ. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಕೂತ ತೆಳುವಾದ ಬೂದು ಪದರವೇ ಎಷ್ಟೋ ಸಲ ಒಂದು ವೋಲ್ಟನ್ನು ನುಂಗಿರುತ್ತದೆ. ಮೇಲೆ ಕಾಣುವ ಬಿಳಿ–ಹಸಿರು ಬೂಷ್ಟನ್ನು ಬಿಸಿನೀರು ಹಾಕಿ ತೊಳೆದರೂ ಒಳಗಿನ ಈ ಪದರವನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯದೆ ಗುಣವಾಗದು.

ಸಾಲೆನಾಯ್ಡಿನ ಸಂಪರ್ಕಗಳನ್ನೂ ಹೀಗೆಯೇ ಅಳೆಯಲಾಗುತ್ತದೆ. 30ನೇ ತುದಿಗೂ ಮೋಟಾರಿಗೆ ಹೋಗುವ ತುದಿಗೂ ನಡುವೆ ಕೀ ತಿರುಗಿಸುವ ಮುಂಚೆ 12 ವೋಲ್ಟ್ ಕಾಣುತ್ತದೆ, ತಿರುಗಿಸಿದಾಗ ಅದು 0.3ಕ್ಕಿಂತ ಕೆಳಗಿಳಿಯಬೇಕು. ‘ಟಕ್’ ಎಂದ ಮೇಲೂ 12 ಹಾಗೇ ನಿಂತರೆ ಸಂಪರ್ಕಗಳು ಸುಟ್ಟುಹೋಗಿವೆ.

ಅರ್ತ್ ಬದಿಯ ಪರೀಕ್ಷೆ ಹೆಚ್ಚಾಗಿ ಮರೆತುಹೋಗುತ್ತದೆ. ಹಳೆಯ ಕಾರುಗಳಲ್ಲಿ ದೋಷ ಹೆಚ್ಚಾಗಿ ಅಡಗಿರುವುದೂ ಅಲ್ಲೇ. ಋಣ ಕಂಬಕ್ಕೂ ಸ್ಟಾರ್ಟರಿನ ಬರಿಯ ಲೋಹದ ಮೈಗೂ ನಡುವೆ ಕ್ರ್ಯಾಂಕ್ ಮಾಡುವಾಗ ಸುಮಾರು 0.2 ವೋಲ್ಟಿಗಿಂತ ಹೆಚ್ಚು ಇರಬಾರದು. ಎಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ವಿದ್ಯುತ್ ಸಂಬಂಧ ಕಲ್ಪಿಸುವುದು ಹೆಣೆದ ತಾಮ್ರದ ಪಟ್ಟಿ ಮಾತ್ರ. ಆ ಪಟ್ಟಿ ತುಂಡಾದರೆ ಪ್ರವಾಹ ಬೇರೆ ದಾರಿ ಹುಡುಕುತ್ತದೆ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಅಥವಾ ಚೋಕ್ ಕೇಬಲ್ಲಿನ ಉಕ್ಕಿನ ತಂತಿಯ ಮೂಲಕ ಹರಿದು ಅದನ್ನು ಕಾಯಿಸಿ ಹೊಗೆಯೆಬ್ಬಿಸುತ್ತದೆ. ಹೊಗೆ ಬಂದ ಕೇಬಲ್ ಬದಲಿಸಿದರೆ ಹೊಸದೂ ಸುಡುತ್ತದೆ.

ಇಂಥ ಪರೀಕ್ಷೆಗಳಲ್ಲಿ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಕ್ರ್ಯಾಂಕ್ ಮಾಡಬಾರದು. ಸ್ಟಾರ್ಟರ್ ಅಲ್ಪಾವಧಿಯ ಕೆಲಸಕ್ಕಾಗಿ ಮಾಡಿದ ಮೋಟಾರ್. ನಡುವೆ ಆರಲು ಬಿಡುವು ಬೇಕು.

ನಿಯಂತ್ರಣ ಸರ್ಕಿಟ್ಟಿನ ಪರೀಕ್ಷೆ

ಕೀ ತಿರುಗಿಸಿದಾಗ 50ನೇ ತುದಿಯಲ್ಲಿ ಬ್ಯಾಟರಿಗೆ ಸಮೀಪದ ವೋಲ್ಟೇಜ್ ಬಂದರೆ ದೋಷ ಸ್ಟಾರ್ಟರಿನಲ್ಲಿದೆ. ಬಾರದಿದ್ದರೆ ಸ್ವಿಚ್ಚಿನ ಕಡೆಗೆ ಹಿಮ್ಮುಖವಾಗಿ ಹೋಗಬೇಕು. ರಿಲೇ ಅನುಮಾನವಿದ್ದರೆ ಅದೇ ಫ್ಯೂಸ್ ಬಾಕ್ಸಿನಲ್ಲಿರುವ ಅದೇ ಮಾದರಿಯ ಹಾರ್ನ್ ರಿಲೇಯೊಂದಿಗೆ ಅದಲುಬದಲು ಮಾಡಿ ನೋಡುವುದು ಸುಲಭದ ದಾರಿ. ಆಟೋಮ್ಯಾಟಿಕ್ ಕಾರು ಪಾರ್ಕಿನಲ್ಲಿ ಸ್ಟಾರ್ಟ್ ಆಗದೆ ನ್ಯೂಟ್ರಲಿನಲ್ಲಿ ಆದರೆ ಗೇರ್ ಸ್ಥಾನದ ಸ್ವಿಚ್ ಸವೆದಿದೆ. ಪುಶ್–ಬಟನ್ ಕಾರುಗಳಲ್ಲಿ ಬ್ರೇಕ್ ಒತ್ತಿದ ಸಂಕೇತ ತಲುಪದೆ ಸ್ಟಾರ್ಟರ್ ಕೆಲಸ ಮಾಡದು. ಹಿಂದಿನ ಬ್ರೇಕ್ ಲೈಟ್ ಹತ್ತುತ್ತದೆಯೇ ಎಂದು ನೋಡಿದರೆ ಪೆಡಲ್ ಸ್ವಿಚ್ಚಿನ ಸ್ಥಿತಿ ಬಹುಮಟ್ಟಿಗೆ ತಿಳಿಯುತ್ತದೆ.

ಕ್ರ್ಯಾಂಕ್ ಆಗಿಯೂ ಸ್ಟಾರ್ಟ್ ಆಗದಿರುವುದು

ಪೆಟ್ರೋಲ್ ಎಂಜಿನಿಗೆ ಸರಿಯಾದ ಹೊತ್ತಿಗೆ ಕಿಡಿ ಮತ್ತು ಇಂಧನ ಎರಡೂ ಬೇಕು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್‌ಗುಟ್ಟುವ ಸದ್ದು ಬಂದರೆ ಇಂಧನ ಪಂಪಿಗೆ ವಿದ್ಯುತ್ ಸಿಗುತ್ತಿದೆ. ಈ ಬಗೆಯ ಪಂಪ್ ಇರುವ ಕಾರಿನಲ್ಲಿ ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸ್, ರಿಲೇ, ಅರ್ತ್ ನೋಡಬೇಕು. ಕಿಡಿಯನ್ನು ಪರೀಕ್ಷಿಸಲು ಸ್ಪಾರ್ಕ್ ಟೆಸ್ಟರ್ ಬಳಸಬೇಕು. ಇಗ್ನಿಷನ್ ಕಾಯಿಲ್ ಹತ್ತಾರು ಸಾವಿರ ವೋಲ್ಟ್ ಹುಟ್ಟಿಸುವುದರಿಂದ ವೈರನ್ನು ಕೈಯಲ್ಲಿ ಹಿಡಿದು ನೋಡುವುದು ಅಪಾಯಕಾರಿ.

ಕ್ರ್ಯಾಂಕ್‌ಶಾಫ್ಟ್ ಸ್ಥಾನ ಸಂವೇದಕ ಕೆಟ್ಟರೆ ಹೆಚ್ಚಿನ ಎಂಜಿನ್‌ಗಳಲ್ಲಿ ಕಿಡಿ ಮತ್ತು ಇಂಧನ ಎರಡೂ ಒಟ್ಟಿಗೆ ನಿಲ್ಲುತ್ತವೆ. ಸ್ಕ್ಯಾನರ್ ಜೋಡಿಸಿ ಕ್ರ್ಯಾಂಕ್ ಮಾಡಿದಾಗ ಎಂಜಿನ್ ವೇಗ ಸೊನ್ನೆ ಎಂದೇ ತೋರಿಸಿದರೆ ಈ ಸಂವೇದಕ ಅಥವಾ ಅದರ ವೈರು ದೋಷಪೂರಿತ. ಇದರ ದೋಷ ಸಂಕೇತ ಪಿ0335. ಇಮ್ಮೊಬಿಲೈಸರ್ ಕೀಯನ್ನು ಗುರುತಿಸದಿದ್ದರೆ ಎಚ್ಚರಿಕೆ ದೀಪ ಮಿನುಗುತ್ತದೆ; ತಯಾರಿಕೆಗೆ ತಕ್ಕಂತೆ ಎಂಜಿನ್ ಕ್ರ್ಯಾಂಕ್ ಆಗದಿರಬಹುದು ಅಥವಾ ಸ್ಟಾರ್ಟ್ ಆಗಿ ಕ್ಷಣದಲ್ಲೇ ನಿಲ್ಲಬಹುದು. ಎರಡನೆಯ ಕೀ ಹಾಕಿ ನೋಡುವುದು ಮೊದಲ ಪರೀಕ್ಷೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಚಳಿಯ ಹೊತ್ತಿನಲ್ಲಿ ಹೀಟರ್ ಪ್ಲಗ್‌ಗಳಿಗೆ ವೋಲ್ಟೇಜ್ ಬರುತ್ತಿದೆಯೇ ಎಂಬುದು ಮುಖ್ಯ.

ಇಲ್ಲಿಯೂ ಬ್ಯಾಟರಿಯನ್ನು ಮರೆಯುವಂತಿಲ್ಲ. ಕ್ರ್ಯಾಂಕ್ ಮಾಡುವಾಗ ವೋಲ್ಟೇಜ್ ತೀರಾ ಇಳಿದರೆ ಎಂಜಿನ್ ತಿರುಗುತ್ತಿದ್ದರೂ ನಿಯಂತ್ರಣ ಗಣಕ ಕೆಲಸ ನಿಲ್ಲಿಸಿಬಿಡುತ್ತದೆ. ಆಗ ಕಿಡಿಯ ದೋಷದಂತೆ ಕಾಣುವುದು ವಾಸ್ತವದಲ್ಲಿ ಬ್ಯಾಟರಿಯ ದೋಷ.

ಬ್ಯಾಟರಿ ಪದೇ ಪದೇ ಇಳಿಯುವುದು

ಬ್ಯಾಟರಿಯನ್ನು ತುಂಬಿಸಿದರೂ ಮತ್ತೆ ಇಳಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ ಅಥವಾ ನಿಂತ ಕಾರಿನಲ್ಲಿ ಸೋರಿಕೆಯಿದೆ. ಸಾಂಪ್ರದಾಯಿಕ ಆಲ್ಟರ್ನೇಟರ್ ಇರುವ ಕಾರಿನಲ್ಲಿ ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಬೆಲ್ಟ್, ಆಲ್ಟರ್ನೇಟರ್ ಬ್ರಷ್, ರೆಗ್ಯುಲೇಟರ್ ನೋಡಬೇಕು. 15 ದಾಟಿದರೆ ಬ್ಯಾಟರಿ ಕುದಿದು ನೀರು ಒಣಗುತ್ತದೆ.

ಸೋರಿಕೆಯನ್ನು ಅಳೆಯಲು ಋಣ ಕೇಬಲ್ ಬಿಚ್ಚಿ ಆಂಪಿಯರ್ ಮೀಟರನ್ನು ಸರಣಿಯಲ್ಲಿ ಸೇರಿಸುತ್ತಾರೆ. ಕಾರು ಲಾಕ್ ಮಾಡಿದ ಬಳಿಕ ಎಲೆಕ್ಟ್ರಾನಿಕ್ ಘಟಕಗಳು ನಿದ್ರೆಗೆ ಜಾರಲು ಅರ್ಧ ಗಂಟೆಯಷ್ಟು ಬೇಕಾಗಬಹುದು. ಅದಕ್ಕೆ ಮುಂಚೆ ಬಂದ ಅಂಕಿಗೆ ಬೆಲೆಯಿಲ್ಲ. 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯ. ಆ ಮಿತಿಯೂ ದಿನಕ್ಕೆ 1.2 ಆಂಪಿಯರ್–ಅವರ್ ತಿನ್ನುತ್ತದೆ. 35 ಆಂಪಿಯರ್–ಅವರ್ ಬ್ಯಾಟರಿಯ ಕಾರನ್ನು ತಿಂಗಳು ನಿಲ್ಲಿಸಿ ಊರಿಗೆ ಹೋದರೆ ಯಾವ ದೋಷವಿಲ್ಲದೆಯೂ ಅದು ಬರಿದಾಗುತ್ತದೆ. ಅಂಕಿ ಹೆಚ್ಚಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆದು, ಯಾವುದನ್ನು ತೆಗೆದಾಗ ಪ್ರವಾಹ ಇಳಿಯುತ್ತದೆ ಎಂದು ನೋಡುತ್ತಾರೆ. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಸಾಧನಗಳ ವೈರಿಂಗನ್ನು ಮೊದಲೇ ಪರಿಶೀಲಿಸುವುದು ಲೇಸು.

ಹವಾಮಾನದ ಪಾತ್ರವೂ ಇದೆ. ಬ್ಯಾಟರಿಯ ಒಳಗಿನ ತುಕ್ಕು ಮತ್ತು ನೀರಿನ ನಷ್ಟ ಸೆಕೆಯಲ್ಲಿ ಚುರುಕಾಗುತ್ತವೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು ಕಡೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಬೇಸಗೆಯಲ್ಲಿ ಆದ ಹಾನಿ ಹೊರಬೀಳುವುದು ಹೆಚ್ಚಾಗಿ ಚಳಿಗಾಲದ ಮುಂಜಾನೆ, ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರಿಗೆ ಹೆಚ್ಚು ಬಲ ಬೇಕಾದಾಗ. ಕರಾವಳಿಯ ಉಪ್ಪುಗಾಳಿಯಲ್ಲಿ ಅರ್ತ್ ಜೋಡಣೆಗಳು ತುಕ್ಕು ಹಿಡಿಯುತ್ತವೆ. ನಿಂತ ಕಾರಿನೊಳಗೆ ಇಲಿಗಳು ಗೂಡು ಕಟ್ಟಿ ವೈರಿಂಗ್ ಕಡಿಯುವುದೂ ಅಪರೂಪವಲ್ಲ.

ಸುರಕ್ಷತೆ ಮತ್ತು ಜಂಪ್ ಸ್ಟಾರ್ಟ್

ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಕಿಡಿ ತಾಗಿದರೆ ಅದು ಸಿಡಿದು ಆಮ್ಲ ಮುಖಕ್ಕೆ ಹಾರಬಹುದು. ಉಂಗುರ, ಕೈಗಡಿಯಾರ ತೆಗೆದಿಟ್ಟೇ ಕೆಲಸಕ್ಕಿಳಿಯಬೇಕು. ಬಿಚ್ಚುವಾಗ ಋಣ ಕೇಬಲ್ ಮೊದಲು, ಜೋಡಿಸುವಾಗ ಕೊನೆಗೆ.

ಜಂಪ್ ಮಾಡುವಾಗ ಕೆಂಪು ಕೇಬಲ್ಲನ್ನು ಇಳಿದ ಬ್ಯಾಟರಿಯ ಧನ ತುದಿಗೆ, ಬಳಿಕ ಒಳ್ಳೆಯ ಬ್ಯಾಟರಿಯ ಧನ ತುದಿಗೆ ಹಾಕಬೇಕು. ಕಪ್ಪು ಕೇಬಲ್ಲನ್ನು ಒಳ್ಳೆಯ ಬ್ಯಾಟರಿಯ ಋಣ ತುದಿಗೆ, ಕೊನೆಯದಾಗಿ ಕೆಟ್ಟುನಿಂತ ಕಾರಿನ ಎಂಜಿನಿನ ಬರಿಯ ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಹಾರುವ ಕಿಡಿ ಬ್ಯಾಟರಿಯಿಂದ ದೂರವಿರಲಿ ಎಂಬುದೇ ಈ ಕ್ರಮದ ಉದ್ದೇಶ. 24 ವೋಲ್ಟಿನ ಲಾರಿಯಿಂದ ಕಾರಿಗೆ ಜಂಪ್ ಕೊಡಬಾರದು. ಗೇರ್ ಹಾಕಿ ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುವಲ್ ಕಾರುಗಳಿಗಷ್ಟೇ ಸಾಧ್ಯ; ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಂದಿನ ಎಲೆಕ್ಟ್ರಾನಿಕ್ ಎಂಜಿನ್‌ಗಳಲ್ಲಿ ಅದೂ ಫಲಿಸದು.

ಇಂದಿನ ಸ್ಥಿತಿ

ಭಾರತದಲ್ಲಿ ಆನ್–ಬೋರ್ಡ್ ಡಯಾಗ್ನಾಸ್ಟಿಕ್ಸ್ ವ್ಯವಸ್ಥೆಯನ್ನು 2010ರಿಂದ ಹಂತಹಂತವಾಗಿ ಕಡ್ಡಾಯಗೊಳಿಸಲಾಯಿತು. ಡ್ಯಾಶ್‌ಬೋರ್ಡಿನ ಕೆಳಗಿನ 16 ಪಿನ್‌ಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಬಹುದು. ಆದರೆ ಸಂಕೇತ ಹೇಳುವುದು ಯಾವ ಸರ್ಕಿಟ್ಟಿನಲ್ಲಿ ತೊಂದರೆ ಎಂಬುದನ್ನು, ಯಾವ ಭಾಗ ಕೆಟ್ಟಿದೆ ಎಂಬುದನ್ನಲ್ಲ. ತುಕ್ಕು ಹಿಡಿದ ಟರ್ಮಿನಲ್ಲಿಗೆ ತನ್ನದೇ ಆದ ಸಂಕೇತವಿಲ್ಲ. ಬ್ಯಾಟರಿ ಇಳಿದ ಕಾರಿನಲ್ಲಿ ಸಂಬಂಧವಿಲ್ಲದ ಹತ್ತಾರು ಸಂಕೇತಗಳು ಒಟ್ಟಿಗೆ ಬರುವುದೂ ಉಂಟು. ವೋಲ್ಟೇಜನ್ನು ಮೊದಲು ಸರಿಪಡಿಸಿ, ಸಂಕೇತಗಳನ್ನು ಅಳಿಸಿ, ಮತ್ತೆ ಬರುವವನ್ನು ಮಾತ್ರ ಪರಿಗಣಿಸುವುದು ಸರಿಯಾದ ಕ್ರಮ.

ಸಿಗ್ನಲಿನಲ್ಲಿ ಎಂಜಿನ್ ತಾನಾಗಿ ನಿಂತು ಮತ್ತೆ ಸ್ಟಾರ್ಟ್ ಆಗುವ ಕಾರುಗಳಿಗೆ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬಲವರ್ಧಿತ ಬ್ಯಾಟರಿ ಬೇಕು. ಸಾಮಾನ್ಯ ಬ್ಯಾಟರಿ ಹಾಕಿದರೆ ಬೇಗ ಕೆಡುತ್ತದೆ. ಹಲವು ಕಾರುಗಳಲ್ಲಿ ಋಣ ತುದಿಯ ಸಂವೇದಕವು ಬ್ಯಾಟರಿಯ ಸ್ಥಿತಿ ನೋಡಿ ಆಲ್ಟರ್ನೇಟರನ್ನು ಏರಿಳಿಸುವುದರಿಂದ ಚಾರ್ಜಿಂಗ್ ವೋಲ್ಟೇಜ್ ಕ್ಷಣಕಾಲ 13ಕ್ಕಿಂತ ಕಡಿಮೆ ಕಂಡರೂ ಅದು ದೋಷವಾಗಿರಬೇಕಿಲ್ಲ.

ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲೂ ಸಾಮಾನ್ಯವಾಗಿ ಸಣ್ಣ 12 ವೋಲ್ಟ್ ಬ್ಯಾಟರಿಯಿದೆ. ದೊಡ್ಡ ಬ್ಯಾಟರಿಯನ್ನು ಸರ್ಕಿಟ್ಟಿಗೆ ಸೇರಿಸುವ ಕಾಂಟ್ಯಾಕ್ಟರ್‌ಗಳು ಮತ್ತು ಗಣಕಗಳು ಇದರಿಂದಲೇ ನಡೆಯುವುದರಿಂದ, ದೊಡ್ಡದು ತುಂಬಿದ್ದರೂ ಸಣ್ಣದು ಇಳಿದರೆ ಕಾರು ಏಳುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್‌ಗಳು ಪ್ರಾಣಾಪಾಯಕರ ಹೆಚ್ಚು ವೋಲ್ಟೇಜಿನವು. ತರಬೇತಿಯಿಲ್ಲದವರು ಅವನ್ನು ಮುಟ್ಟಬಾರದು. ಈ ಸಣ್ಣ ಬ್ಯಾಟರಿಯೂ ಕೆಲವು ಕಾರುಗಳಲ್ಲಿ ಲಿಥಿಯಂ ಬಗೆಯದಾಗುತ್ತಿದೆ. ನಾಲ್ಕು ಕೋಶಗಳ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತುಂಬಿರುವಾಗ ವಿಶ್ರಾಂತಿಯಲ್ಲಿ 13 ವೋಲ್ಟಿಗಿಂತ ಮೇಲೆಯೇ ನಿಲ್ಲುತ್ತದೆ, ಬರಿದಾಗುವವರೆಗೂ ವೋಲ್ಟೇಜ್ ಹೆಚ್ಚು ಇಳಿಯುವುದಿಲ್ಲ. ಅದಕ್ಕೆ ಸೀಸ–ಆಮ್ಲ ಬ್ಯಾಟರಿಯ 12.6, 12.2 ಎಂಬ ಅಂಕಿಗಳು ಅನ್ವಯಿಸವು.